ಸುರಬಾಯದ ಬುಟ್ಟಿ, ಶಿಡ್ಲಘಟ್ಟದ ಸುಣ್ಣ

ಸುರಬಾಯದ ವಿಮಾನ ನಿಲ್ದಾಣದಲ್ಲಿ ಮುನಿರತ್ನಮ್ಮ ಅತ್ತುಬಿಟ್ಟರು ಎಂದು ನಾನು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹೋದ ವರ್ಷ ಶಿಡ್ಲಘಟ್ಟದ ಅವರ ಮನೆಯಲ್ಲಿ ಕೂತಾಗ ಆ ಮಾತು ಮತ್ತೆ ಬಂತು. "ನಾನ್ಯಾಕೆ ಅಳ್ಲಿ ಮೇಡಂ? ಅತ್ತಿದ್ದು ನೀವು. ಕಣ್ಣೊರೆಸ್ಕೊಳ್ಳಿ ಅಂತ ಸೆರಗು ಕೊಟ್ಟಿದ್ದು ನಾನು," ಎಂದರು. ಮನೆಗೆ ಬಂದು ಹಳೆಯ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಅಳುವಿನ ಸುದ್ದಿಯೇ ಇಲ್ಲ, ಸೆಕೆಯ ಬಗ್ಗೆ ಮಾತ್ರ ಇದೆ. ಹಾಗಾಗಿ ಇಲ್ಲಿ ನಾನು ಬರೆಯುವುದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಮುನಿರತ್ನಮ್ಮ ಒಪ್ಪಿದ ಸಂಗತಿಗಳನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದೆ. ಬಿಡುವಿನಲ್ಲಿ, ಬಡವರ ಗಲ್ಲಿಗಳ ಕಸದ ಬಗ್ಗೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯ ಜೊತೆ ಓಡಾಡುತ್ತಿದ್ದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರುಗಳಲ್ಲಿ ಹೆಂಗಸರು ತಮ್ಮ ಗಲ್ಲಿಯ ಕಸವನ್ನು ತಾವೇ ಬೇರ್ಪಡಿಸಿ, ಹಸಿ ಕಸದಿಂದ ಗೊಬ್ಬರ ಮಾಡುವ ಪ್ರಯತ್ನ ಶುರುವಾಗಿತ್ತು. ಇಂಡೊನೇಷ್ಯಾದ ಸುರಬಾಯ ಎಂಬ ಊರಿನಲ್ಲಿ ಇದೇ ಕೆಲಸ ಚೆನ್ನಾಗಿ ನಡೆದಿದೆ, ಇಬ್ಬರು ಬಂದು ನೋಡಿ ಎಂದು ಅಲ್ಲಿನವರು ಕರೆದರು. ಕೆಲಸ ಗೊತ್ತಿದ್ದವರೊಬ್ಬರು, ಇಂಗ್ಲಿಷ್ ಗೊತ್ತಿದ್ದವರೊಬ್ಬರು. ಎರಡನೆಯವಳು ನಾನು.

ಮುನಿರತ್ನಮ್ಮ ಹುಟ್ಟಿದ್ದು ದಿಬ್ಬೂರಹಳ್ಳಿಯ ಕಡೆ, ರೇಷ್ಮೆ ಹುಳ ಮೇಯಿಸುವವರ ಮನೆಯಲ್ಲಿ. ಸೇರಿದ್ದು ಶಿಡ್ಲಘಟ್ಟದ, ಗೂಡು ಬೇಯಿಸಿ ನೂಲು ತೆಗೆಯುವವರ ಗಲ್ಲಿಗೆ. ಕುದಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಸದಾ ನೆನೆದಂತೆ ಕಾಣುತ್ತಿದ್ದವು. ಅವರ ಗಲ್ಲಿಯ ಬಾಯಲ್ಲಿ ಒಂದು ತಿಪ್ಪೆಯಿತ್ತು. ಪುರಸಭೆಯ ಲಾರಿ ಆ ಕಡೆ ತಲೆ ಹಾಕುತ್ತಿರಲಿಲ್ಲ. ಮುನಿರತ್ನಮ್ಮ ಮನೆ ಮನೆಗೆ ಹೋಗಿ, ಹೆಂಗಸರ ಕೈ ಹಿಡಿದು, "ವಾಸನೆ ಬರಲ್ಲ, ನನ್ನ ಮಾತು ನಂಬ್ರಮ್ಮ" ಎಂದು ಒಪ್ಪಿಸಿ, ತಿಪ್ಪೆ ಎತ್ತಿಸಿ, ಅಲ್ಲಿ ತಗಡಿನ ಶೆಡ್ಡು ಹಾಕಿಸಿ, ಗೊಬ್ಬರದ ತೊಟ್ಟಿ ಕಟ್ಟಿಸಿದ್ದರು.

ವಾಸನೆ ಬಂತು. ಎಂಥ ವಾಸನೆ ಎಂದರೆ, ಶೆಡ್ಡಿನ ಪಕ್ಕದಲ್ಲೇ ನೂಲು ತೆಗೆಯುವ ಘಟಕವಿದ್ದ ಬಷೀರಣ್ಣ ಒಂದು ದಿನ ಗಲ್ಲಿಯ ಮಧ್ಯೆ ನಿಂತು, "ಬೆಂದ ಹುಳದ ವಾಸನೇಲಿ ಹುಟ್ಟಿ ಬೆಳೆದೋನಮ್ಮ ನಾನು. ನನ್ ಕೈಲೇ ತಡ್ಕೊಳ್ಳಕ್ಕಾಗ್ತಿಲ್ಲ. ಮಗಳನ್ನ ನೋಡಕ್ಕೆ ಬಂದೋರು ಟೀ ಕೂಡ ಕುಡೀದೆ ಎದ್ದು ಹೋದ್ರು," ಎಂದ. ಅದು ಸುಳ್ಳಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ವಾರ್ಡಿನ ಸದಸ್ಯರು ದಸರಾದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ವಾಸನೆ ನಿಲ್ಲದಿದ್ದರೆ ಶೆಡ್ಡು ಮುಚ್ಚುವುದು. ಶೆಡ್ಡು ಹೋದರೆ ತಿಪ್ಪೆ ವಾಪಸು ಬರುತ್ತದೆ. ಕಸದ ಗಾಡಿ ತಳ್ಳುವ ಹೆಂಗಸರ ಕೆಲಸ ಹೋಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆ ಮನೆಗೆ ಕೊಟ್ಟ ಮಾತು ಹೋಗುತ್ತದೆ.

ಹಾಗಾಗಿ ಮುನಿರತ್ನಮ್ಮ ಹೊರದೇಶಕ್ಕೆ ಹೊರಟಿದ್ದು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು: "ನಮ್ಮದ್ಯಾಕೆ ನಾರ್ತದೆ?"

ದೇವನಹಳ್ಳಿ ದಾಟಿ

ದೇವನಹಳ್ಳಿಯ ಹತ್ತಿರ ಹೊಸ ವಿಮಾನ ನಿಲ್ದಾಣಕ್ಕೆ ನೆಲ ಅಗೆಯುತ್ತಿದ್ದ ದಿನಗಳು ಅವು. ನಮ್ಮ ಬಸ್ಸು ಆ ಕೆಂಪು ಮಣ್ಣಿನ ಗುಡ್ಡೆಗಳನ್ನು ದಾಟಿ, ಇಡೀ ಬೆಂಗಳೂರನ್ನು ಹಾದು, ಆಚೆ ತುದಿಯ ಹಳೆಯ ನಿಲ್ದಾಣಕ್ಕೆ ಹೋಗಬೇಕಿತ್ತು. "ಇಲ್ಲೇ ಹತ್ಕೊಂಡಿದ್ರೆ ಮನೇಲಿ ಊಟ ಮಾಡ್ಕೊಂಡು ಬರ್ಬೋದಾಗಿತ್ತು," ಎಂದರು ಮುನಿರತ್ನಮ್ಮ. ಈಗ ಆ ಕಡೆ ಹೋದಾಗೆಲ್ಲ ನನಗೆ ಕಾಣುವುದು ಗಾಜಿನ ಕಟ್ಟಡವಲ್ಲ, ಆ ಕೆಂಪು ಗುಡ್ಡೆಗಳು. ನಿಜವಾಗಿ ಅವು ಅಷ್ಟು ಎತ್ತರವಿದ್ದವೋ ಇಲ್ಲವೋ ಗೊತ್ತಿಲ್ಲ.

ಸುರಬಾಯದಲ್ಲಿ ಇಳಿದಾಗ ಸುಂಕದ ಅಧಿಕಾರಿ ಮುನಿರತ್ನಮ್ಮನ ಚೀಲದಿಂದ ಒಂದು ಕಪ್ಪು ಪುಡಿಯ ಪೊಟ್ಟಣ ಹೊರತೆಗೆದ. ಹುಚ್ಚೆಳ್ಳಿನ ಚಟ್ನಿಪುಡಿ. ಮೂಸಿ ನೋಡಿದ, ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ನಾನು ಇಂಗ್ಲಿಷಿನಲ್ಲಿ ಹುಚ್ಚೆಳ್ಳಿಗೆ ಏನನ್ನುತ್ತಾರೆ ಎಂದು ತಡಕಾಡುತ್ತಿದ್ದೆ. (ಅತ್ತಿದ್ದರೆ ಬಹುಶಃ ಆಗಲೇ.) ಮುನಿರತ್ನಮ್ಮ ಒಂದು ಚಿಟಿಕೆ ತೆಗೆದು ತಮ್ಮ ನಾಲಿಗೆಯ ಮೇಲಿಟ್ಟುಕೊಂಡು, ಇನ್ನೊಂದು ಚಿಟಿಕೆಯನ್ನು ಅವನ ಅಂಗೈಗೆ ಹಾಕಿ, "ತಿನ್ನಪ್ಪ" ಎಂದರು. ಅವನು ತಿಂದ. ಕಣ್ಣಲ್ಲಿ ನೀರು ಬಂತು. ಆಮೇಲೆ ಮತ್ತೆ ಕೈ ಚಾಚಿದ.

"ಪಾಪ, ಮನೇಲಿ ಸಪ್ಪೆ ಅಡುಗೆ ಅಂತ ಕಾಣುತ್ತೆ," ಎಂದು ಅವರು ಚೀಲ ಕಟ್ಟಿದರು.

ಗಲ್ಲಿ

ನಮ್ಮನ್ನು ಇಳಿಸಿದ್ದು ಹೋಟೆಲಿನಲ್ಲಲ್ಲ, ಗಲ್ಲಿಯೊಳಗಿನ ಒಂದು ಮನೆಯಲ್ಲಿ. ಮನೆಯಾಕೆಯ ಹೆಸರು ಸುಮಿ. ಅಲ್ಲಿ ಹೆಂಗಸರ ಹೆಸರಿನ ಮುಂದೆ 'ಇಬು' ಎಂದು ಸೇರಿಸುತ್ತಾರೆ, ಅಮ್ಮ ಎಂದರ್ಥ. ನಾವು ಹೆಸರಿನ ಬಾಲಕ್ಕೆ ಅಮ್ಮನನ್ನು ಕಟ್ಟುತ್ತೇವೆ, ಅವರು ತಲೆಗೆ. ನಮಗೆ ದುಭಾಷಿಯಾಗಿ ಬಂದ ಹುಡುಗಿಯ ಹೆಸರು ರತ್ನ. ಅದು ಕೇಳಿದ್ದೇ ಮುನಿರತ್ನಮ್ಮನಿಗೆ ಸಂಬಂಧಿಕಳೇ ಸಿಕ್ಕಷ್ಟು ಖುಷಿ. "ನನ್ನ ಹೆಸರಲ್ಲಿ ಅರ್ಧ ನಿನಗೆ ಕೊಟ್ಟಿದ್ದೀನಿ ಕಣಮ್ಮ, ಜೋಪಾನವಾಗಿಟ್ಕೋ," ಎಂದು ಅವಳ ಗಲ್ಲ ಹಿಡಿದರು. ಮುನಿರತ್ನಮ್ಮನ ಕನ್ನಡ ನನ್ನ ಇಂಗ್ಲಿಷಾಗಿ, ನನ್ನ ಇಂಗ್ಲಿಷು ರತ್ನಳ ಬಾಯಲ್ಲಿ ಅವರ ಭಾಷೆಯಾಗಿ ಹೋಗಿ, ಹಾಗೆಯೇ ತಿರುಗಿ ಬರಬೇಕಿತ್ತು.

ಗಲ್ಲಿ ಎಷ್ಟು ಕಿರಿದೆಂದರೆ ಎದುರು ಮನೆಯವರು ಅನ್ನಕ್ಕೆ ಏನು ಮಾಡಿದ್ದಾರೆಂದು ಕೇಳಬೇಕಾಗಿರಲಿಲ್ಲ. ಆದರೆ ಎರಡೂ ಬದಿಗೆ ಹೂವಿನ ಕುಂಡ, ಹಳೆಯ ಬಣ್ಣದ ಡಬ್ಬಗಳಲ್ಲಿ ಮೆಣಸಿನ ಗಿಡ. ಗೋಡೆಗಳೆಲ್ಲ ಹಸಿರು ಎಂದು ನನ್ನ ನೆನಪು. ಉಳಿದಿರುವ ಒಂದು ಫೋಟೊದಲ್ಲಿ ಅವು ನೀಲಿಯಾಗಿವೆ.

ಮೊದಲ ಸಂಜೆ ಗಲ್ಲಿಯ ಹೆಂಗಸರೆಲ್ಲ ನಮ್ಮನ್ನು ನೋಡಲು ಬಂದು ಚಾಪೆಯ ಮೇಲೆ ಕೂತರು. ಮುಂದೆ ಟೀ ಬಂತು. ನಾವಿಬ್ಬರೂ ಎತ್ತಿ ಕುಡಿದೆವು. ಬೇರೆ ಯಾರೂ ಲೋಟ ಮುಟ್ಟಲಿಲ್ಲ. ಮನೆಯವರು ಬಾಯಿಬಿಟ್ಟು "ತಗೊಳ್ಳಿ" ಎನ್ನುವವರೆಗೆ ಅಲ್ಲಿ ಅತಿಥಿಗಳು ಕುಡಿಯುವಂತಿಲ್ಲವೆಂದು ರತ್ನ ಆಮೇಲೆ ಹೇಳಿದಳು. ಇಬು ಸುಮಿ ನಮ್ಮನ್ನು ನೋಡಿದ್ದೇ ಗಡಿಬಿಡಿಯಿಂದ ಎಲ್ಲರಿಗೂ ಕುಡಿಯಿರೆಂದು ಹೇಳಿ, ನಮ್ಮ ತಪ್ಪು ತಪ್ಪಾಗಿ ಕಾಣದಂತೆ ಮುಚ್ಚಿಬಿಟ್ಟರು. ನಮ್ಮ ಚಿಂತಾಮಣಿಯಲ್ಲಾದರೆ ಇದನ್ನು ಮೂರು ತಲೆಮಾರು ಹೇಳಿಕೊಂಡು ನಗುತ್ತಿದ್ದರು.

ಪ್ರತಿ ಮನೆಯ ಅಡುಗೆಕೋಣೆಯಲ್ಲೂ ಒಂದು ಬುಟ್ಟಿಯಿತ್ತು. ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯೇ. ಒಳಗೆ ರಟ್ಟು, ತಳದಲ್ಲಿ ಭತ್ತದ ಹೊಟ್ಟು ತುಂಬಿದ ಪುಟ್ಟ ದಿಂಬು, ಮೇಲೊಂದು ಬಟ್ಟೆ. ದಿನದ ಹಸಿ ಕಸವನ್ನು ಸಣ್ಣಗೆ ಹೆಚ್ಚಿ ಅದಕ್ಕೆ ಹಾಕಿ ಕೈಯಾಡಿಸುವುದು. ಮುನಿರತ್ನಮ್ಮ ಒಂದೊಂದು ಬುಟ್ಟಿಗೂ ಮೂಗು ಇಟ್ಟರು. ಎಲ್ಲಿಯೂ ವಾಸನೆಯಿಲ್ಲ. ಅವರ ಮುಖ ಒಂದೊಂದು ಮನೆ ದಾಟಿದಂತೆಲ್ಲ ಇಳಿಯುತ್ತಿತ್ತು.

"ನಮ್ಮದ್ಯಾಕೆ ನಾರ್ತದೆ ಅಂತ ಕೇಳಿ ಮೇಡಂ."

ಏನೇನು ಹಾಕುತ್ತೀರಿ ಎಂದು ಇಬು ಸುಮಿ ಕೇಳಿದರು. ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ, ಹಿಪ್ಪುನೇರಳೆ ಕಡ್ಡಿ, ಒಣಗಿದೆಲೆ, ಒಂದಿಷ್ಟು ಸಗಣಿ ನೀರು. ಮುನಿರತ್ನಮ್ಮ ಬೆರಳು ಮಡಿಚಿ ಹೇಳಿದರು. ಎಲ್ಲವೂ ಸರಿಯಾಗಿತ್ತು. ನೀರು ಹೆಚ್ಚಾಯಿತೇ? ಇಲ್ಲ. ತಿರುವಿ ಹಾಕುತ್ತೀರಾ? ಹಾಕುತ್ತೇವೆ. ಇಬು ಸುಮಿ ತಲೆ ಕೆರೆದುಕೊಂಡು ನಕ್ಕರು. "ಹಾಗಾದರೆ ನಾರಬಾರದು" ಎಂಬ ಉತ್ತರ ಎರಡು ಭಾಷೆ ದಾಟಿ ನಮಗೆ ತಲುಪಿತು.

"ನಾರಬಾರ್ದು ಅಂತ ನಂಗೂ ಗೊತ್ತು," ಎಂದು ಮುನಿರತ್ನಮ್ಮ ಗೊಣಗಿದರು. "ಅದಕ್ಕೆ ಗೊತ್ತಾಗ್ಬೇಕಲ್ಲ."

ಭಾನುವಾರ

ಭಾನುವಾರ ಬೆಳಿಗ್ಗೆ ಗಲ್ಲಿಯ ಜನರೆಲ್ಲ ಒಟ್ಟಾಗಿ ಚರಂಡಿ ಬಾಚುವ ಪದ್ಧತಿ. ಚಡ್ಡಿ ಹಾಕಿಕೊಂಡ ಗಂಡಸರು ಮೊಣಕಾಲುದ್ದದ ಕೆಸರಿನಲ್ಲಿ ನಿಂತಿದ್ದರು. ಒಬ್ಬ ಮೇಷ್ಟರು, ಒಬ್ಬ ಟ್ಯಾಕ್ಸಿ ಓಡಿಸುವವನು, ಇಬು ಸುಮಿಯ ಗಂಡ. ಹೆಂಗಸರು ತಿಂಡಿ ಹಂಚುತ್ತಿದ್ದರು. ಈ ಕೆಲಸಕ್ಕೆ ಅವರು 'ಕೆರ್ಜಾ ಬಕ್ತಿ' ಎನ್ನುತ್ತಾರೆ. ಕಾರ್ಯ, ಭಕ್ತಿ, ಎರಡೂ ನಮಗೆ ಗೊತ್ತಿರುವ ಪದಗಳೇ ಎಂದು ನಾನು ಮುನಿರತ್ನಮ್ಮನಿಗೆ ವಿವರಿಸಿದೆ.

ಅವರು ಆ ಕಡೆ ಕಿವಿ ಕೊಡಲಿಲ್ಲ. ಚರಂಡಿಯನ್ನೇ ನೋಡುತ್ತಿದ್ದರು. "ಮೇಷ್ಟ್ರು ಇಳಿದವ್ರೆ. ನಮ್ಮಲ್ಲಿ ಚರಂಡೀಲಿ ನಿಂತಿರೋನ ಹೆಸರು ಕೇಳ್ಬೇಕಾಗಿಲ್ಲ, ಯಾವ ಕೇರಿಯೋನು ಅಂತ ನಿಂತಿರೋದ್ರಲ್ಲೇ ಗೊತ್ತಾಗೋಗುತ್ತೆ. ಇಲ್ಲಿ ಎಷ್ಟು ನೋಡಿದ್ರೂ ಗೊತ್ತಾಗ್ತಿಲ್ಲ ಮೇಡಂ," ಎಂದರು. ಆಮೇಲೆ ಸೀರೆ ಎತ್ತಿ ಕಟ್ಟಿ ತಾವೂ ಇಳಿದರು. ಗಂಡಸರು ಬೇಡವೆಂದು ಕೈಯಾಡಿಸಿದರು. ಇವರು ಕೇಳಲಿಲ್ಲ.

ನಮ್ಮ ಸ್ವಾತಂತ್ರ್ಯದ ದಿನ ನಾವು ಅಲ್ಲಿಯೇ ಇದ್ದೆವು. ಅವರದು ಅದಾಗಿ ಎರಡು ದಿನಕ್ಕೆ. ಗಲ್ಲಿಯಲ್ಲಿ ಬಾವುಟದ ತೋರಣ ಕಟ್ಟಿ, ದಾರಿಯಂಚಿನ ಕಲ್ಲುಗಳಿಗೆ ಬಳಿಯಲು ಬಕೆಟ್ಟುಗಳಲ್ಲಿ ಸುಣ್ಣ ಕಲಸಿಟ್ಟಿದ್ದರು. ನನಗೆ ಗೌರಿಬಿದನೂರಿನ ಆಚೆಯ ನಮ್ಮ ಅಜ್ಜಿಯ ಊರು ನೆನಪಾಯಿತು. ಚಿಕ್ಕಂದಿನಲ್ಲಿ ಆ ದಿನ ನಮ್ಮನ್ನು ಬ್ರಿಟಿಷರ ಕಾಲದಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿಸಿದ ವಿದುರಾಶ್ವತ್ಥದ ಸ್ಮಾರಕಕ್ಕೆ ಕರೆದೊಯ್ದು, ಕೈಗೊಂದು ಪೆಪ್ಪರಮೆಂಟು ಕೊಟ್ಟು ನಿಲ್ಲಿಸುತ್ತಿದ್ದರು. ಗುಂಡು ಹಾರಿದ ಸದ್ದನ್ನು ತಾನು ಹಿತ್ತಲಲ್ಲಿ ನಿಂತು ಕೇಳಿದ್ದೆನೆಂದು ಅಜ್ಜಿ ಹೇಳುತ್ತಿದ್ದಳು. ದೊಡ್ಡವಳಾದ ಮೇಲೆ ಲೆಕ್ಕ ಹಾಕಿದೆ. ಆಗ ಅವಳು ಮದುವೆಯಾಗಿ ಆ ಊರಿಗೆ ಬಂದೇ ಇರಲಿಲ್ಲ. ಆದರೂ ಹೇಳುವಾಗ ಅವಳ ಕೈ ನಡುಗುತ್ತಿದ್ದುದು ಸುಳ್ಳಲ್ಲ. ಅದನ್ನು ನಾನೇ ನೋಡಿದ್ದೇನೆ. ನೋಡಿದ್ದೇನೆಂದುಕೊಂಡಿದ್ದೇನೆ.

ಇಬು ಸುಮಿಯ ಅಡುಗೆಮನೆ

ಹೊರಡುವುದಕ್ಕೆ ಮುಂಚಿನ ದಿನ, ಬೆಳಗಾಗುತ್ತಿದ್ದ ಹೊತ್ತಿಗೆ, ಒಳಗಿನಿಂದ ಇಬು ಸುಮಿ ಕಿರುಚಿದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಬುಟ್ಟಿಯ ಬಟ್ಟೆ ತೆಗೆದಿತ್ತು, ಒಳಗಿದ್ದದ್ದರ ಮೇಲೆಲ್ಲ ಸುಣ್ಣ. ಪಕ್ಕದಲ್ಲಿ ದಾರಿಗೆಂದು ಕಲಸಿಟ್ಟ ಸುಣ್ಣದ ಬಕೆಟ್ಟು. ಮುನಿರತ್ನಮ್ಮನ ಬಲಗೈ ಮೊಣಕೈವರೆಗೆ ಬಿಳಿ. ಪಕ್ಕದ ಮನೆಯಲ್ಲಿ ಉಳಿದುಕೊಂಡಿದ್ದ ರತ್ನ ತಲೆ ಕೆದರಿಕೊಂಡು ಓಡಿ ಬಂದಳು.

"ಮೇಡಂ, ಗಾಬರಿಯಾಗ್ಬೇಡಿ ಅಂತ ಹೇಳಿ," ಎಂದರು ಮುನಿರತ್ನಮ್ಮ ಮೆಲ್ಲಗೆ, ಕಾಯಿಲೆಯವರ ಮನೆಯಲ್ಲಿ ಮಾತಾಡುವಂತೆ. "ಬುಟ್ಟಿಗೆ ಸುಣ್ಣಕಟ್ಟು ಬಂದಿತ್ತು. ಎಲ್ರಿಗೂ ಗೊತ್ತಾದ್ರೆ ಪಾಪ ಮಾನ ಹೋಗುತ್ತೆ ಅಂತ, ಯಾರೂ ಏಳೋ ಮುಂಚೆ ನಾನೇ ಸುಣ್ಣ ಹಾಕ್ಬಿಟ್ಟೆ."

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳಕ್ಕೆ ಬರುವ ಒಂದು ರೋಗ ಸುಣ್ಣಕಟ್ಟು. ಹುಳದ ಮೈಮೇಲೆ ಬಿಳಿ ಬೂಷ್ಟು ಹಬ್ಬಿ, ಅದು ಸೀಮೆಸುಣ್ಣದ ತುಂಡಿನಂತೆ ಗಟ್ಟಿಯಾಗಿ ಸಾಯುತ್ತದೆ. ಒಂದು ತಟ್ಟೆಯಲ್ಲಿ ಕಂಡರೆ ಇಡೀ ಹುಳುಮನೆ ಹೋಯಿತು, ತಡ ಮಾಡಿದರೆ ಪಕ್ಕದವರದೂ ಹೋಯಿತು. ಆದ್ದರಿಂದ ಹುಳ ಮೇಯಿಸುವ ಮನೆಗಳಲ್ಲಿ ಬೆಳೆದವರ ಕಣ್ಣಿಗೆ ಬಿಳಿ ಬೂಷ್ಟು ಬಿದ್ದರೆ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ, ಸುಣ್ಣಕ್ಕೆ ಹೋಗುತ್ತದೆ. ಪರರ ಮನೆಯಲ್ಲಾದರೆ ಸದ್ದಿಲ್ಲದೆ ಮಾಡಿ ಮುಗಿಸುವುದು ಮರ್ಯಾದೆ.

ನಾನು ಇದನ್ನು ಇಂಗ್ಲಿಷಿಗೆ ತಂದೆ, ರತ್ನ ಮುಂದಕ್ಕೆ ಸಾಗಿಸಿದಳು. ಇಬು ಸುಮಿಯ ಕೋಪ ಎಲ್ಲೋ ಮಧ್ಯದಲ್ಲಿ ಕರಗಿ ನಗುವಾಯಿತು. ಸೌಟಿನಿಂದ ಮೇಲಿನ ಸುಣ್ಣದ ಪದರವನ್ನು ತೆಗೆದು ಬಿಸಾಡಿದರು. ಆಮೇಲೆ ಮುನಿರತ್ನಮ್ಮನ ಕೈಯನ್ನು ತೊಳೆಸಿ, ಒರೆಸಿ, ಬುಟ್ಟಿಯ ಆಳಕ್ಕೆ ಇಳಿಸಿದರು.

"ಅಯ್ಯೋ ದೇವುಡಾ! ಜ್ವರ ಬಂದಂಗೆ ಕಾಯ್ತಾ ಇದೆ."

"ಆ ಜ್ವರ ಬರಲಿ ಅಂತಲೇ ಕಾಯೋದು," ಎಂಬರ್ಥದ ಮಾತನ್ನು ರತ್ನ ಹೇಳಿದಳು. ಕೈಯಾಡಿಸುವ ಮುಂಚೆ ಬೆಳಿಗ್ಗೆ ಮಾತ್ರ ಕಾಣುವ ಆ ಬಿಳಿ ಬೂಷ್ಟು ಬಂದರೆ ಕಸ ಗೊಬ್ಬರವಾಗಲು ಶುರುವಾಯಿತೆಂದು ಲೆಕ್ಕ. ಸುಣ್ಣ ಬಿದ್ದರೆ ಬೂಷ್ಟು ಸಾಯುತ್ತದೆ. ಆಮೇಲೆ ಕಸ ಸುಮ್ಮನೆ ಕೊಳೆತು ನಾರುತ್ತದೆ.

ಮುನಿರತ್ನಮ್ಮ ಕೈಯನ್ನು ಬುಟ್ಟಿಯಿಂದ ತೆಗೆಯಲಿಲ್ಲ. ಹಾಗೆಯೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು.

"ನಾವು ದಿನಾ ಹಾಕ್ತೀವಿ ಮೇಡಂ."

"ಏನನ್ನ?"

"ಸುಣ್ಣ. ತೊಟ್ಟೀಲಿ ಬೆಳ್ಳಗೆ ಕಂಡ ತಕ್ಷಣ. ನಮ್ಮಕ್ಕ ವೆಂಕಟಮ್ಮನಿಗೆ ಸಂಜೆ ದೀಪ ಹಚ್ಚಿದ್ಮೇಲೆ ಅದೇ ಕೆಲಸ."

ಏನೇನು ಹಾಕುತ್ತೀರೆಂದು ಅಷ್ಟು ಮನೆಗಳಲ್ಲಿ ಕೇಳಿದರೂ ಅವರು ಸುಣ್ಣದ ಹೆಸರೆತ್ತದಿದ್ದುದಕ್ಕೆ ಕಾರಣ ಮರೆವಲ್ಲ. ಸಾರು ಮಾಡುವ ಬಗೆ ಹೇಳುವಾಗ ಪಾತ್ರೆ ತೊಳೆಯುವುದನ್ನು ಯಾರಾದರೂ ಸೇರಿಸಿ ಹೇಳುತ್ತಾರೆಯೇ? ಅವರಿಗೆ ಅದು ಗೊಬ್ಬರಕ್ಕೆ ಹಾಕುವ ವಸ್ತುವಲ್ಲ, ಶುಚಿ. ಆ ತೊಟ್ಟಿಯ ಮೇಲಿನ ಬಿಳಿ ಪುಡಿಯನ್ನು ನಾನೂ ಎಷ್ಟೋ ಸಲ ನೋಡಿ, ಎಷ್ಟು ಚೊಕ್ಕಟ ಎಂದುಕೊಂಡವಳೇ.

ಹಿಂದಿರುಗುವ ದಾರಿ

ವಿಮಾನ ಹತ್ತಿ ಕೂತೆವು. ಉತ್ತರ ಸಿಕ್ಕ ಸಂತೋಷವಿರುತ್ತದೆ ಎಂದುಕೊಂಡಿದ್ದೆ. ಮುಖದಲ್ಲಿ ಅದಿರಲಿಲ್ಲ.

"ಹೇಳೋದು ಸುಲಭ ಮೇಡಂ. ನಮ್ಮಕ್ಕನ ಕೈ ನಿಲ್ಸೋದು ಹೆಂಗೆ? ನನ್ನನ್ನ ಆ ಮನೆಗೆ ಬಂದ ದಿನದಿಂದ ಸಾಕಿದೋಳು. ತೊಟ್ಟಿ ನಾರ್ತಿರೋದು ನಿನ್ನ ಕೈಯಿಂದ ಅಂತ ಯಾವ ಬಾಯಲ್ಲಿ ಹೇಳ್ಲಿ?"

ವೆಂಕಟಮ್ಮ ಅವರ ಗಂಡನ ಅಣ್ಣನ ಹೆಂಡತಿ. ಓರಗಿತ್ತಿಯಾದರೂ ಇವರು ಕರೆಯುವುದು ಅಕ್ಕ ಎಂದೇ. ಕಿಟಕಿಯಾಚೆ ಸಮುದ್ರದ ಮೇಲೆ ಬಿಸಿಲು ಹೊಳೆಯುತ್ತಿತ್ತು. ಹೋಗುವಾಗ ಕತ್ತಲಲ್ಲಿ ಕಾಣದೆ, ಇಬ್ಬರೂ ಮೊದಲ ಸಲ ನೋಡುತ್ತಿದ್ದ ಆ ಸಮುದ್ರವನ್ನು ಇಬ್ಬರೂ ಸರಿಯಾಗಿ ನೋಡಲಿಲ್ಲ.

ಶಿಡ್ಲಘಟ್ಟ

ಅಂದುಕೊಂಡಂತೆಯೇ ಆಯಿತು. ಶೆಡ್ಡಿನ ಮುಂದೆ ಹೆಂಗಸರ ನಡುವೆ ವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡು, "ಸುಣ್ಣಕಟ್ಟು ಬಂದ್ರೆ ಬರ್ಲಿ ಬಿಡು ಅಂತ ಹೇಳಕ್ಕೆ ವಿಮಾನ ಹತ್ತಿ ಹೋಗಿ ಬಂದ್ಯೇನೇ?" ಎಂದರು. ಗಲ್ಲಿಯೆಲ್ಲ ನಕ್ಕಿತು. ಮುನಿರತ್ನಮ್ಮ ವಾದ ಮಾಡಲಿಲ್ಲ. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಹೊಸದಾಗಿ ತುಂಬಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಓರಗಿತ್ತಿಯ ಮಡಿಲಿಗೆ ಒಂದು ಮೊರ ಅಲಸಂದೆಕಾಯಿಯನ್ನೋ ಸೊಪ್ಪಿನ ಕಂತೆಯನ್ನೋ ಸುರಿದು, "ಬಿಡಿಸ್ಕೊಡಕ್ಕ" ಎನ್ನುತ್ತಿದ್ದರು. ಕೈಗೆ ಕೆಲಸವಿದ್ದರೆ ಸುಣ್ಣಕ್ಕೆ ಹೋಗದು. ನಾನು ಆ ವಾರಗಳಲ್ಲಿ ಹೋದಾಗೆಲ್ಲ ಇಬ್ಬರೂ ತೊಟ್ಟಿಗೆ ಬೆನ್ನು ಹಾಕಿ, ಅದರತ್ತ ತಿರುಗದಿರಲು ಹಠ ಹಿಡಿದವರಂತೆ ಕೂತಿರುತ್ತಿದ್ದರು. ನೂಲು ತೆಗೆಯುವ ಚರಕಗಳ ಸದ್ದು, ಮಸೀದಿಯ ಬಾಂಗು, ಅಲಸಂದೆಕಾಯಿ ಬಿಡಿಸುವ ಚಟಪಟ. ಈಗಲೂ ಸಂಜೆ ಎಂದರೆ ನನಗೆ ಅದೇ.

ದಸರಾಕ್ಕೆ ಮುಂಚೆ ವಾರ್ಡಿನ ಸದಸ್ಯರು ಬಂದರು. ಕೈಯಲ್ಲಿ ಒಂದು ಹೊಸ ಬೀಗ. ಬಷೀರಣ್ಣ ಬಂದ. ಗಲ್ಲಿ ಸೇರಿತು. ಮುನಿರತ್ನಮ್ಮ ತೊಟ್ಟಿಗೆ ಹೊದಿಸಿದ್ದ ಗೋಣಿಚೀಲ ಸರಿಸಿದರು. ತೊಟ್ಟಿಯ ಮೇಲೆ ಹಾಲಿನ ಕೆನೆಯಂತೆ ಬಿಳಿ ಹಬ್ಬಿತ್ತು. ಸಣ್ಣಗೆ ಹಬೆಯಾಡುತ್ತಿತ್ತು.

"ಯಾ ಅಲ್ಲಾ, ಸುಣ್ಣಕಟ್ಟು!" ಬಷೀರಣ್ಣ ಹಿಂದಕ್ಕೆ ನೆಗೆದ. "ಇದನ್ನ ಇಟ್ಕೊಂಡು ಕೂತಿದ್ದೀರಾ? ಹಳ್ಳಿಯಿಂದ ಗೂಡು ತರೋರು ಇದೇ ದಾರೀಲಿ ಓಡಾಡ್ತಾರೆ! ತಡೀರಿ, ಸುಣ್ಣ ತರ್ತೀನಿ."

ಅವನು ಹೋಗಿ ಸುಣ್ಣದ ಡಬ್ಬ ತಂದೂಬಿಟ್ಟ. ತೊಟ್ಟಿಯ ಮುಂದೆ ಅಡ್ಡ ನಿಂತವರು ಮುನಿರತ್ನಮ್ಮನಲ್ಲ, ವೆಂಕಟಮ್ಮ.

"ಹಾಕ್ಬೇಡ ಕಣೋ ಬಷೀರ. ಹಾಕಿದ್ರೆ ಸಾಯುತ್ತೆ."

"ಸಾಯ್ಲಿ ಅಂತಲೇ ಅಲ್ವಾ ಹಾಕೋದು!"

"ಎಷ್ಟು ದಿನದಿಂದ ಕೈ ಕಟ್ಕೊಂಡು ಕೂತಿದ್ದೀನಿ ಗೊತ್ತಾ ನಾನು? ನಿನ್ನ ಕೈಲಿ ಹಾಕಿಸ್ತೀನಾ?"

ಜಗಳ ಬೆಳೆಯಿತು. ಕನ್ನಡದಲ್ಲಿ ಶುರುವಾದದ್ದು ತೆಲುಗಿಗೆ ಹೋಯಿತು, ಉರ್ದುವಿಗೆ ಹೋಯಿತು. ಇದು ಹುಳಕ್ಕೆ ಹರಡುತ್ತದೆಂದು ಒಬ್ಬರು, ಹುಳದ ಬೂಷ್ಟೇ ಬೇರೆ ಕಸದ್ದೇ ಬೇರೆ ಎಂದು ಇನ್ನೊಬ್ಬರು. ಸದಸ್ಯರು ತೊಟ್ಟಿಯ ಕಟ್ಟೆಗೆ ಒರಗಿ ಎರಡೂ ಕಡೆಯವರನ್ನು ಸಮಾಧಾನ ಮಾಡುತ್ತಿದ್ದರು. ಬಷೀರಣ್ಣ ಅದೇ ಕಟ್ಟೆಯ ಮೇಲೆ ಡಬ್ಬ ಇಟ್ಟು, ಅದರ ಪಕ್ಕ ಕೂತೇ ವಾದ ಮಾಡುತ್ತಿದ್ದ. ಯಾರೋ ಟೀ ಕೂಡ ತಂದುಕೊಟ್ಟರು.

ಆಗ ಮುನಿರತ್ನಮ್ಮ ಬಾಯಿಬಿಟ್ಟರು. "ಬಷೀರಣ್ಣ, ಆವಾಗಿಂದ ತೊಟ್ಟಿ ಮೇಲೆ ಕೂತು ಟೀ ಕುಡೀತಿದ್ದೀಯಲ್ಲ, ಒಂದು ಸಲನಾದ್ರೂ ಮೂಗು ಮುಚ್ಕೊಂಡ್ಯಾ?"

ಬಷೀರಣ್ಣ ಕೈಯಲ್ಲಿದ್ದ ಲೋಟ ನೋಡಿದ, ತೊಟ್ಟಿ ನೋಡಿದ. ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ಸುಣ್ಣದ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದ. ಸದಸ್ಯರೂ ಎದ್ದು ಬೀಗವನ್ನು ಜೇಬಿಗೆ ಹಾಕಿಕೊಳ್ಳಲು ಹೋದರು.

ಮುನಿರತ್ನಮ್ಮ ಕೈ ಚಾಚಿದರು. "ಬೀಗ ಕೊಟ್ಟು ಹೋಗಿ ಸ್ವಾಮಿ. ಇನ್ನು ಗೊಬ್ಬರ ಕದಿಯೋರು ಬರ್ತಾರೆ."